ಮೇಷ್ಟ್ರು ಮಾಡಿದ ಫೋನು

“ಗುರು, ಮೂವತ್ತಾರು ಗ್ಯಾರಂಟಿ!” ಎಂದು ಕೂಗುತ್ತಲೇ ದೇವರಾಜ ಪರೀಕ್ಷೆ ಮುಗಿಸಿ ಜಯನಗರದ ಕಾಲೇಜಿನ ಗೇಟು ದಾಟಿದ. ಪಿಯುಸಿ ಗಣಿತದ ಮೇಲೆ ಇದು ಅವನ ಮೂರನೆಯ ದಂಡಯಾತ್ರೆ. ಮೂವತ್ತೈದು ಬಂದರೆ ಪಾಸು. ಬಾರದಿದ್ದರೆ ಓದಿಗೆ ಮಂಗಳ ಹಾಡಿ ಮಡಿವಾಳದ ಚಿಕ್ಕಪ್ಪನ ಸಿಮೆಂಟ್ ಅಂಗಡಿಗೆ ಎಂದು ಅಪ್ಪ ಹೇಳಿಯಾಗಿತ್ತು.

“ಬಸ್ಸು-ಸ್ಕೂಟರ್ ಲೆಕ್ಕ ಬಂದಿತ್ತಲ್ಲ, ಐದು ಮಾರ್ಕ್ಸು!” ಕಾಯುತ್ತಿದ್ದ ಗೆಳೆಯ ಮುತ್ತುರಾಜನ ಹೆಗಲು ತಟ್ಟಿದ. “ಎರಡೂ ಒಂದೇ ಸ್ಟಾಪಿಂದ ಹೊರಡುತ್ತೆ. ಬಸ್ಸಿನ ವೇಗ ಯಾವಾಗ್ಲೂ ಆರು, ಸ್ಕೂಟರಿಂದು ಸೊನ್ನೆಯಿಂದ ಸೆಕೆಂಡಿಗೆ ಎರಡೆರಡು ಏರುತ್ತೆ. ಮತ್ತೆ ಯಾವಾಗ ಅಕ್ಕಪಕ್ಕ ಬರ್ತಾವೆ ಅಂತ. ವೇಗ ಸಮ ಮಾಡ್ದೆ, ಮೂರು ಸೆಕೆಂಡು. ಮುಗೀತು!”

“ಇಂಟಿಗ್ರೇಶನ್ ಮಾಡ್ಲಿಲ್ವಾ?” ಮುತ್ತುರಾಜ ನಡುವೆಯೇ ಕೇಳಿದ.

“ಬೇಡ ಅಂದಿದ್ದೇ ಶಾಂತವೀರಪ್ಪ ಮೇಷ್ಟ್ರು! ನೆನ್ನೆ ನಮ್ಮ ಓನರ್ ಮನೆಗೆ ಫೋನ್ ಮಾಡಿ ಕರೆಸಿದ್ರು ಮಗಾ. ಟ್ಯೂಷನ್ನಿನ ನಲವತ್ತು ಜನದಲ್ಲಿ ನನ್ನನ್ನ!”

ಆ ಫೋನು ಮಾಡಿದ್ದು ಮುತ್ತುರಾಜ. ಒಂದು ರೂಪಾಯಿ ಬೂತಿನಿಂದ, ಮೇಷ್ಟ್ರ ಮೂಗುದನಿಯಲ್ಲಿ, ಮಧ್ಯೆ ಮಧ್ಯೆ ಅವರದೇ ಒಣಕೆಮ್ಮು ಸೇರಿಸಿ: “ಬಸ್ಸು-ಸ್ಕೂಟರ್ ಬಂದ್ರೆ ಇಂಟಿಗ್ರೇಶನ್ ಯಾಕಯ್ಯಾ? ವೇಗ ಸಮ ಮಾಡು, ಉಳಿದದ್ದಕ್ಕೆ ಸಮಾಧಾನ ಮಾಡ್ಕೋ.” ದೇವರಾಜ ಗುರುತು ಹಿಡಿದು ಬಯ್ಯುತ್ತಾನೆಂದು ಕಾದಿದ್ದ. “ಆಯ್ತು ಸಾರ್, ಮರೆಯಲ್ಲ ಸಾರ್” ಎಂದಾಗ ಅವನೂ ನಾಟಕವಾಡುತ್ತಿದ್ದಾನೆ ಎಂದುಕೊಂಡು ನಕ್ಕು ಫೋನಿಟ್ಟಿದ್ದ.

“ದೇವು, ಒಂದ್ ವಿಷ್ಯ...” ಎನ್ನುವಷ್ಟರಲ್ಲಿ ಮೇಷ್ಟ್ರೇ ಸೈಕಲ್ ತಳ್ಳಿಕೊಂಡು ಬಂದರು. ದೇವರಾಜ ಓಡಿಹೋಗಿ ಕಾಲಿಗೆ ಬಿದ್ದ. “ಫೋನಲ್ಲಿ ಹೇಳಿದ್ರಲ್ಲ ಸಾರ್, ಹಾಗೇ ಬರ್ದೆ. ವೇಗ ಸಮ, ಮೂರು ಸೆಕೆಂಡು!”

ಮನೆಯಲ್ಲಿ ಫೋನೇ ಇಲ್ಲದ ಮೇಷ್ಟ್ರು ತಲೆಯೆತ್ತಿ ಮುತ್ತುರಾಜನನ್ನು ನೋಡಿದರು. ಅವನ ಮಿಮಿಕ್ರಿಗೆ ಟ್ಯೂಷನ್ನಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

“ಹೌದಪ್ಪಾ, ಮಾಡಿದ್ದೆ” ಎಂದರು. “ತಪ್ಪು ಹೇಳ್ಬಿಟ್ಟೆ. ಇಂಟಿಗ್ರೇಟ್ ಮಾಡಿ ದೂರ ಸಮ ಮಾಡ್ಬೇಕಿತ್ತು. ಆರು ಸೆಕೆಂಡು. ವೇಗ ಸಮ ಆದಾಗ್ಲೇ ಅವೆರಡರ ಮಧ್ಯೆ ಅಂತರ ಜಾಸ್ತಿ ಇರೋದು ಕಣಯ್ಯಾ. ವಯಸ್ಸಾಯ್ತು ನನಗೆ. ಕ್ಷಮಿಸ್ಬಿಡು.”

ಮುತ್ತುರಾಜ ಬಾಯಿ ತೆರೆದ. ಊರವರೆಲ್ಲರ ದನಿ ತೆಗೆಯುತ್ತಿದ್ದವನಿಗೆ ತನ್ನ ದನಿ ಬರಲಿಲ್ಲ.

ದೇವರಾಜ ಬೆರಳು ಮಡಚಿ ಮೂವತ್ತಾರರಿಂದ ಐದು ಕಳೆದ. ಮೂವತ್ತೊಂದು.

“ಹೋಗ್ಲಿ ಬಿಡಿ ಸಾರ್” ಎಂದ. “ನಂಗೇ ಅಂತ ಫೋನ್ ಮಾಡಿದ್ರಲ್ಲ.”