ದೇವರ ಮನೆಯ ವೈಫೈ

ತೀರಿಹೋದವರ ಜೊತೆ ಮನೆಯ ಕಂಪ್ಯೂಟರಿನಲ್ಲಿ ಮಾತಾಡಲು ಸಿಗುವುದು ಒಂದೇ ವರ್ಷ. ಪದ್ಮಾಸನಮ್ಮನ ಆ ವರ್ಷ ಇಂದು ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದಿತ್ತು. ಗಮಕಿಯಾಗಿದ್ದ ಗಂಡ ಅಲ್ಲಿಂದಲೂ ದಿನಾ ಕಾವ್ಯ ಓದುತ್ತಿದ್ದರು. ಈಕೆಗೆ ತಲುಪುತ್ತಿದ್ದುದು ಅಲ್ಲೊಂದು ಇಲ್ಲೊಂದು ಅಕ್ಷರ. ಕೊನೆಗೂ ರಿಪೇರಿಯ ದಸ್ತಗೀರ್ ಬಂದಾಗ ಹನ್ನೊಂದೂ ಮುಕ್ಕಾಲು.

“ಕಂಪ್ಯೂಟರ್ ಸರಿಯಾಗೇ ಇದೆಯಲ್ಲಮ್ಮಾ. ವೈಫೈ ಡಬ್ಬಿ ಎಲ್ಲಿಟ್ಟಿದೀರಾ?”

“ದೇವರ ಮಂಟಪದಲ್ಲಪ್ಪಾ. ಅವರ ದನಿ ಬರೋ ವಸ್ತು, ಕಂಡಕಂಡಲ್ಲಿ ಇಡಕ್ಕಾಗುತ್ತಾ?”

ದಸ್ತಗೀರ್ ಬಾಗಿಲಾಚೆಯಿಂದಲೇ ಇಣುಕಿದ. “ಸುತ್ತ ಹಿತ್ತಾಳೆ, ಮುಂದೆ ಬೆಳ್ಳಿ ಬಾಗಿಲು. ದೇವರೇ ಈಚೆ ಬರೋದು ಕಷ್ಟ, ಇನ್ನು ಸಿಗ್ನಲ್ ಎಲ್ಲಿ ಬರುತ್ತೆ? ತಂದು ಈ ಮೇಜಿನ ಮೇಲಿಡಿ.”

ಆಕೆ ಡಬ್ಬಿಯ ಮೇಲಿನ ಕುಂಕುಮ ಒರೆಸಿ ತಂದಿಟ್ಟಳು. ದೀಪಗಳು ಹತ್ತಿ ಸ್ವಲ್ಪ ಹೊತ್ತಿಗೆ ಗಂಡನ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಕೇಳಿತು.

“ಪದ್ಮೂ, ಇವತ್ತು ಓದಲ್ಲ ಕಣೇ. ವರ್ಷವಿಡೀ ನಾನು ಏನು ಕೇಳಿದರೂ ನೀನು ಬರೀ ಹೂಂ ಅಂದೆ. ಬದುಕಿದ್ದಾಗಲೂ ನನ್ನ ಓದು ನಿನಗೆ ಹಿಂಸೆಯೇ ಆಗಿತ್ತೇನೋ. ಸುಮ್ಮನೆ ಸಹಿಸಿಕೊಂಡೆ, ಪಾಪ.”

“ಅಯ್ಯೋ, ಹಾಗಲ್ಲ ರೀ, ನನಗೆ—”

ಹನ್ನೆರಡು ಹೊಡೆಯಿತು. ಪರದೆ ಬೆಳ್ಳಗಾಯಿತು.

ದಸ್ತಗೀರ್ ತನ್ನ ಫೋನಿನಲ್ಲಿ ಸ್ಪೀಡ್ ನೋಡಿ, “ಈಗ ಫುಲ್ ಬರ್ತಾ ಇದೆ ನೋಡಿಮ್ಮಾ” ಎಂದ.