ಹೆತ್ತವಳ ಕಾಯಿ

ಪಗಡೆಯಲ್ಲಿ ತನ್ನ ಕಾಯಿ ಹೊಡೆದವಳು ಮಗಳು ಕಿಯೋನಾ ಅಲ್ಲ. ಲೊರೀನ್‌ಗೆ ಅದು ಖಾತ್ರಿಯಾಗಿತ್ತು.

ಇಂಡಿಯಾನಾದ ಆ ಹೆಂಗಸರ ಜೈಲಿನಲ್ಲಿ ಭೇಟಿ ಕೊಠಡಿಗೆ ಬೀಗ ಜಡಿದು ಏಳು ತಿಂಗಳಾಗಿತ್ತು. ಬದಲಿಗೆ ಕೈಗೊಂದು ಟ್ಯಾಬ್ಲೆಟ್ ಕೊಟ್ಟಿದ್ದರು. ಮುತ್ತಜ್ಜಿಯ ಕಾಲದ ಪಗಡೆ ಈಗ ಅದರ ಗಾಜಿನೊಳಗೆ. ಒಳಗಿನ ತಾಯಿ, ಹೊರಗಿನ ಮಗು ಕೂಡಿ ಆಡಬಹುದು. ಗೋಡೆ ಕಟ್ಟಿದವರೇ ಗೋಡೆಯಲ್ಲಿ ಕಿಂಡಿ ಕೊರೆದು, ಇಣುಕಿದ್ದಕ್ಕೆ ನಿಮಿಷದ ಲೆಕ್ಕದಲ್ಲಿ ಸುಂಕ ವಸೂಲು ಮಾಡುತ್ತಿದ್ದರು. ಗೆಳೆಯನೊಬ್ಬ ಅವಳ ಕಾರಿನಲ್ಲಿ ಬಚ್ಚಿಟ್ಟ ಮಾದಕದ ಗಂಟಿಗಾಗಿ ಒಂಬತ್ತು ವರ್ಷ ಕಳೆಯಬೇಕಿದ್ದ ಲೊರೀನ್‌ಗೆ, ಮಗಳ ಮುಖದ ಬದಲು ಸಿಕ್ಕಿದ್ದು ಅವಳ ನಾಲ್ಕು ಹಳದಿ ಕಾಯಿಗಳು.

ಅವರ ಮನೆತನದಲ್ಲಿ ಒಂದು ಕಟ್ಟಳೆ: ಹೆತ್ತವಳ ಕಾಯಿಯನ್ನು ಹೊಡೆಯುವಂತಿಲ್ಲ. ಯಂತ್ರಕ್ಕೆ ಅದೇನು ಗೊತ್ತು? ಹೊಡೆಯಲು ಸಿಕ್ಕ ಕಾಯಿಯನ್ನು ಮಿನುಗಿಸಿ ಮಿನುಗಿಸಿ ಆಸೆ ಹುಟ್ಟಿಸುತ್ತದೆ. ಆದರೂ ಏಳು ತಿಂಗಳು, ಪ್ರತಿ ಭಾನುವಾರ, ಹಳದಿ ಆ ಮಿನುಗನ್ನು ಬಿಟ್ಟು ಬೇರೆ ದಾರಿ ಹಿಡಿದಿತ್ತು. ಹಾಗೆ ಬಿಟ್ಟಾಗಲೆಲ್ಲ ಮಗಳು ಕೆನ್ನೆಗೆ ಮುತ್ತು ಕೊಟ್ಟಂತಾಗಿ ಲೊರೀನ್ ಕಣ್ಣು ಮುಚ್ಚುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ ತನ್ನನ್ನು ಕೈಬಿಟ್ಟಿಲ್ಲ ಎನ್ನಲು ಅದೊಂದೇ ಪುರಾವೆ. ಫೋನಿಗೆ ಅವಳು ಬರುತ್ತಲೇ ಇರಲಿಲ್ಲ. "ಅವಳಿಗೆ ಸಂಕೋಚ ಅಕ್ಕ," ಎನ್ನುತ್ತಿದ್ದಳು, ಅವಳನ್ನು ಸಾಕುತ್ತಿದ್ದ ತಂಗಿ ವರ್ನೆಲ್.

ಇವತ್ತು, ಸುತ್ತು ಮುಗಿಸಿ ಇನ್ನೇನು ಹಣ್ಣಾಗಲಿದ್ದ ಲೊರೀನ್‌ಳ ಕಾಯಿಯನ್ನು ಹಳದಿ ಹೊಡೆದು ಮೊದಲ ಮನೆಗೆ ಅಟ್ಟಿತು.

"ಮಶೀನೇ ಆಡಿರ್ಬೇಕು ಕಣೆ," ಎಂದಳು ಪಕ್ಕದ ಮಂಚದ ಡೆಲ್ಫಿನ್ ಅಜ್ಜಿ. "ನನ್ನ ಮೊಮ್ಮಗ ಆಟ ಬಿಟ್ಟು ಎದ್ದು ಹೋದ್ರೆ ಅವನ ಬದಲು ಅದೇ ಆಡತ್ತೆ. ಅವನಿಗಿಂತ ಮರ್ಯಾದಸ್ಥ."

ಲೊರೀನ್ ನಗಲಿಲ್ಲ. ಮುಕ್ಕಾಲು ಗಂಟೆ ಫೋನಿನ ಸಾಲಿನಲ್ಲಿ ನಿಂತಳು. ವರ್ನೆಲ್ ಎತ್ತಿದಳು.

"ನನ್ನ ಮಗಳ ಜಾಗದಲ್ಲಿ ಕೂತು ಆಡ್ತಿರೋದು ಯಾರೇ?"

ಆ ಕಡೆ ವರ್ನೆಲ್ ಟೀವಿಯ ಸದ್ದು ತಗ್ಗಿಸಿದಳು.

"ನಿನ್ನನ್ನೇ ಕೇಳ್ತಿರೋದು. ಅವಳು ನನ್ನ ಕಾಯಿ ಹೊಡೆಯೋಳಲ್ಲ. ನೀನಾ, ಮಶೀನಾ?"

"ದಮ್ಮಯ್ಯ ಅಕ್ಕ, ಇವತ್ತೊಂದಿನ ಬಿಟ್ಟುಬಿಡು."

"ಏಳು ತಿಂಗಳಿಂದ ನನ್ನ ಮಗು ಹೊಡೀದೆ ಬಿಟ್ಟಿದ್ದನ್ನೇ ನೆನೆಸ್ಕೊಂಡು ಉಸಿರು ಹಿಡ್ಕೊಂಡಿದೀನಿ. ಅದಕ್ಕೂ ಕೈ ಹಾಕ್ತೀಯಾ?"

ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ ಎಂದು ಯಂತ್ರವೊಂದು ನಡುವೆ ಒದರಿತು. ಆಮೇಲೆ ಫೋನು ಕೈ ಬದಲಾದ ಸದ್ದು. ಹಿಂದಿಗಿಂತ ಗಡುಸಾಗಿದ್ದ ಆ ದನಿಯನ್ನು ಗುರುತಿಸಲು ಲೊರೀನ್‌ಗೆ ಒಂದು ಗಳಿಗೆ ಹಿಡಿಯಿತು.

"ಇಷ್ಟು ದಿನ ಹೊಡೀದೆ ಬಿಟ್ಟೋಳು ಚಿಕ್ಕಮ್ಮ," ಎಂದಳು ಕಿಯೋನಾ. "ನಾನು ಆಡಿದ್ದು ಇವತ್ತೊಂದೇ ದಿನ."