ಥಿಯೇಟರ್ ಇದ್ದ ಕಡೆ ಎಡಕ್ಕೆ

"ಮೇನ್ ಸ್ಟ್ರೀಟಲ್ಲಿ ಸೀದಾ ಬಾಮ್ಮ. ಹಳೇ ಥಿಯೇಟರ್ ಇತ್ತಲ್ಲ, ಅಲ್ಲಿ ಲೆಫ್ಟ್ ತಗೋ," ಎಂದಳು ವಸಂತಾ ಫೋನಿನಲ್ಲಿ.

ಆ ಕಡೆ ಗ್ಯಾಸ್ ಸ್ಟೇಷನ್ನಿನ ಪೇ ಫೋನಿನಲ್ಲಿದ್ದವಳು ಮುನೀಬಾ. ಬೆಂಗಳೂರಿಂದ ಅಮೆರಿಕಕ್ಕೆ ಬಂದು ಇನ್ನೂ ವರ್ಷವಾಗಿಲ್ಲ. ವಸಂತಾಳ ಮನೆ ಹಿಡಿಸಿದರೆ ಇವತ್ತೇ ಕೊಳ್ಳುವ ಮಾತು ಮುಗಿಸುವವಳು. "ಥಿಯೇಟರ್ ಎಲ್ಲೂ ಕಾಣ್ತಿಲ್ಲ ಆಂಟಿ. ಬರೀ ಬ್ಯಾಂಕಿದೆ."

"ಅದೇ ಅದು! ಥಿಯೇಟರ್ ಕೆಡವಿ ಬ್ಯಾಂಕ್ ಕಟ್ಟಿದ್ರು. ಆಮೇಲೆ ಹತ್ತಿ ಗೋಡೌನ್ ಹತ್ರ ರೈಟ್."

"ಅದಾದ್ರೂ ಇದೆಯಾ ಆಂಟಿ?"

ಇಲ್ಲವೆಂದು ವಸಂತಾಳಿಗೆ ಆಗಲೇ ನೆನಪಾಯಿತು. ಗೋಡೌನೂ ಹೋದ ವರ್ಷವೇ ನೆಲಸಮವಾಗಿತ್ತು. ಏಳು ವರ್ಷದ ಹಿಂದೆ, ರಾಲಿ ಪಕ್ಕದ ಈ ಸಣ್ಣ ಊರಿಗೆ ಬಂದ ಹೊಸತರಲ್ಲಿ, ಪಕ್ಕದ ಮನೆಯ ಅಜ್ಜಿ ಪೋಸ್ಟಾಫೀಸಿಗೆ ದಾರಿ ಹೇಳಿದ್ದೂ ಹೀಗೆಯೇ: ಸುಟ್ಟುಹೋದ ಹೋಟೆಲಿನ ಹತ್ತಿರ ತಿರುಗು, ಕಡಿದುಹಾಕಿದ ಓಕ್ ಮರ ದಾಟು. "ಇಲ್ಲದ್ದನ್ನೆಲ್ಲ ಗುರುತು ಹೇಳೋ ಜನದ ಮಧ್ಯೆ ಬಾಳೋದು ಹೇಗ್ರೀ?" ಎಂದು ಅವತ್ತು ವಸಂತಾ ಗಂಡನೆದುರು ಅತ್ತಿದ್ದಳು. ಅಟ್ಲಾಂಟಾಕ್ಕೆ ಹೋಗೋಣವೆಂದು ಅಂದಿನಿಂದ ಗಂಡನ ಪ್ರಾಣ ತಿಂದು, ಈ ತಿಂಗಳಷ್ಟೇ ಅಂಗಳದಲ್ಲಿ ಮಾರಾಟದ ಬೋರ್ಡ್ ಹಾಕಿಸಿದ್ದಳು.

"ಅಲ್ಲೇ ಇರಮ್ಮ, ನಾನೇ ಬರ್ತೀನಿ. ಊರು ತೋರಿಸ್ತೀನಿ," ಎಂದು ಫೋನಿಟ್ಟಳು.

"ಊರು ಯಾಕೆ? ಮನೆ ತೋರಿಸು," ಎಂದ ಗಂಡ ಶೇಷಾದ್ರಿ.

"ರೀ, ಆ ಬೋರ್ಡು ಕಿತ್ತಿಡಿ," ಎಂದಳು ವಸಂತಾ, ಕಾರಿನ ಕೀ ಹುಡುಕುತ್ತಾ. "ಆ ಹುಡುಗಿಗೆ ಬೇರೆ ಮನೆ ನೋಡ್ಕೊಡ್ತೀನಿ. ಬಾರ್ಬರ್ ಶಾಪ್ ಇತ್ತಲ್ಲ, ಅದರೆದುರಿಗೆ ಒಂದು ಖಾಲಿ ಇದೆ."